ಬಕೆಟ್ಟಿನ ತಳದಲ್ಲಿ ಒಂದು ಗೆರೆ

ನನಗೆ ಬಂದ ಕಾಯಿಲೆಯ ಹೆಸರು ವೆಸ್ಟಿಬ್ಯುಲರ್ ನ್ಯೂರೈಟಿಸ್. ನಮ್ಮ ಒಳಗಿವಿಯಲ್ಲಿ ಕೇಳಿಸಿಕೊಳ್ಳುವ ಭಾಗದ ಪಕ್ಕದಲ್ಲೇ ಬ್ಯಾಲೆನ್ಸ್ ನೋಡಿಕೊಳ್ಳುವ ಭಾಗವೂ ಇದೆ. ಅಲ್ಲಿಂದ ಮಿದುಳಿಗೆ ಹೋಗುವ ನರಕ್ಕೆ ಉರಿಯೂತ ಆಗುವುದೇ ಈ ಕಾಯಿಲೆ. ಹೆಚ್ಚಾಗಿ ವೈರಸ್ಸಿನಿಂದ ಬರುತ್ತದೆ ಅನ್ನುತ್ತಾರೆ. ಕಿವಿ ನೋಯುವುದಿಲ್ಲ, ಸೋರುವುದಿಲ್ಲ, ಮಾತೂ ಚೆನ್ನಾಗೇ ಕೇಳಿಸುತ್ತದೆ. ಹಾಗಾಗಿ ಕಿವಿಯ ಕಡೆ ಯಾರ ಗಮನವೂ ಹೋಗುವುದಿಲ್ಲ.

ನಮ್ಮ ಮನೆಯಲ್ಲೂ ಹಾಗೇ ಆಯಿತು. ಬೆಳಿಗ್ಗೆ ಎದ್ದು ಕೂತವಳಿಗೆ ಕೋಣೆ ಪೂರ್ತಿ ಎಡಕ್ಕೆ ಓಡತೊಡಗಿತು. ಓಡಿ ಓಡಿ ಮತ್ತೆ ಅಲ್ಲೇ ಬಂದು ನಿಲ್ಲುತ್ತದೆ, ಮತ್ತೆ ಓಡುತ್ತದೆ. ನಿಂತರೆ ಬಲಕ್ಕೆ ಬೀಳುತ್ತಿದ್ದೆ. ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಅತ್ತೆ ಪಿತ್ತ ಅಂದರು, ಶುಂಠಿ ಕಷಾಯ ಮಾಡಿದರು. ಪಕ್ಕದ ಮನೆಯವರು ಕತ್ತಿನ ಸ್ಪಾಂಡಿಲೈಟಿಸ್ ಅಂದರು. ಮೊದಲು ಹೋದ ಕ್ಲಿನಿಕ್ಕಿನಲ್ಲಿ ಗ್ಯಾಸ್ ಅಂತ ಬರೆದುಕೊಟ್ಟರು. ನಮ್ಮ ಕಡೆ ಹೃದಯದಿಂದ ಹೆಬ್ಬೆರಳಿನವರೆಗೆ ಎಲ್ಲದಕ್ಕೂ ಗ್ಯಾಸೇ ಕಾರಣ, ಅಲ್ವಾ?

ನರರೋಗದ ಡಾಕ್ಟರು ನೋಡಿದ್ದು ಆಮೇಲೆ. ಅವರು ಮಾಡಿದ ಮೊದಲ ಪರೀಕ್ಷೆಗೆ ಯಾವ ಯಂತ್ರವೂ ಬೇಕಾಗಲಿಲ್ಲ. "ನನ್ನ ಮೂಗನ್ನೇ ನೋಡ್ತಾ ಇರಿ" ಅಂದು ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದರು. ಫಕ್ಕನೆ ಎಡಕ್ಕೆ ತಿರುಗಿಸಿದರು. ನನ್ನ ಕಣ್ಣು ಅವರ ಮೂಗಿನ ಮೇಲೇ ಇತ್ತು. ಬಲಕ್ಕೆ ತಿರುಗಿಸಿದಾಗ ಮಾತ್ರ ಕಣ್ಣು ತಲೆಯ ಜೊತೆಗೇ ಹೋಗಿ, ಒಂದು ಕ್ಷಣ ಬಿಟ್ಟು ಮೂಗಿಗೆ ವಾಪಸ್ ಹಾರಿತು. ಇದನ್ನು 1988ರಲ್ಲಿ ಸಿಡ್ನಿಯ ಹಾಲ್ಮಾಗಿ ಮತ್ತು ಕರ್ಥಾಯ್ಸ್ ಎಂಬಿಬ್ಬರು ವಿವರಿಸಿದರಂತೆ. ತಲೆಸುತ್ತು ನಿಲ್ಲದೇ ಇರುವಾಗ ಕಣ್ಣು ಹೀಗೆ ಜಾರಿದರೆ ಡಾಕ್ಟರಿಗೆ ಸ್ವಲ್ಪ ಸಮಾಧಾನ, ತೊಂದರೆ ಕಿವಿಯ ಕಡೆಯದು. ಜಾರದೆ ಸರಿಯಾಗಿದ್ದರೇ ಭಯ, ಆಗ ಮಿದುಳಿನ ಸ್ಟ್ರೋಕ್ ಇರಬಹುದು. ಮಾತು ತೊದಲುವುದು, ಒಂದು ವಸ್ತು ಎರಡಾಗಿ ಕಾಣುವುದು, ಕೈಕಾಲು ಸೋಲುವುದು ಇದ್ದರೆ ಕಷಾಯಕ್ಕೆ ಕಾಯದೆ ಆಸ್ಪತ್ರೆಗೆ ಓಡಬೇಕು ಅಂತ ಅವರು ಅತ್ತೆಗೆ ಬಿಡಿಸಿ ಹೇಳಿದರು.

ಸ್ಟೀರಾಯ್ಡ್ ಕೊಟ್ಟರು, ವಾಂತಿ ನಿಲ್ಲಲು ಮಾತ್ರೆ ಕೊಟ್ಟರು. ತಲೆಸುತ್ತಿನ ಮಾತ್ರೆಯನ್ನು ಮೊದಲ ಕೆಲವು ದಿನ ಮಾತ್ರ ತಗೊಳ್ಳಿ ಅಂದರು. ಜಾಸ್ತಿ ದಿನ ತಗೊಂಡರೆ ಮಿದುಳು ಹೊಸ ಸ್ಥಿತಿಗೆ ಹೊಂದಿಕೊಳ್ಳುವುದು ತಡವಾಗುತ್ತದಂತೆ. ತಿರುಗುವುದು ಕಡಿಮೆಯಾದ ಮೇಲೆ ಬೆಂಗಳೂರಿನ ಒಂದು ತಲೆಸುತ್ತಿನ ಕ್ಲಿನಿಕ್ಕಿಗೆ ಕಳಿಸಿದರು. ಹಾಸನದಿಂದ ಅಲ್ಲಿಗೆ ಕಾರಿನಲ್ಲಿ ಕಣ್ಣು ಮುಚ್ಚಿಕೊಂಡೇ ಹೋದೆ. ದಾರಿಯ ಬಗ್ಗೆ ಹೇಳಲು ಏನೂ ಇಲ್ಲ.

ಅಲ್ಲಿ ಕಿವಿಗೆ ನೀರು ಬಿಡುವ ಪರೀಕ್ಷೆ ಇತ್ತು. ಒಮ್ಮೆ 30 ಡಿಗ್ರಿಯ ತಣ್ಣನೆ ನೀರು, ಒಮ್ಮೆ 44 ಡಿಗ್ರಿಯ ಬಿಸಿನೀರು. ಮೈಯ ಬಿಸಿ 37 ಆದ್ದರಿಂದ ಅದಕ್ಕಿಂತ ಏಳು ಕಡಿಮೆ, ಏಳು ಹೆಚ್ಚು. ಎಡಗಿವಿಗೆ ಬಿಟ್ಟಾಗ ಹಾಸಿಗೆ ಸಮೇತ ಗಿರಗಿರ ತಿರುಗಿದೆ. ಬಲಗಿವಿಗೆ ಬಿಟ್ಟಾಗ ಏನೂ ಇಲ್ಲ. ಕಿವಿ ಒದ್ದೆಯಾಯಿತು, ಅಷ್ಟೆ. ಈ ಪರೀಕ್ಷೆಯ ಹಿಂದಿರುವವರು ವಿಯೆನ್ನಾದ ರಾಬರ್ಟ್ ಬಾರಾನಿ. ಕಿವಿ ತೊಳೆಯುವಾಗ ನೀರು ತಣ್ಣಗಿದ್ದರೂ ರೋಗಿಗೆ ತಲೆ ಸುತ್ತುತ್ತದೆ, ಬಿಸಿಯಾಗಿದ್ದರೂ ಸುತ್ತುತ್ತದೆ, ಆದರೆ ಕಣ್ಣು ಎಳೆಯುವ ದಿಕ್ಕು ಮಾತ್ರ ಬದಲಾಗುತ್ತದೆ. ಅದನ್ನು ಗಮನಿಸಿ, ಕಾರಣ ಹುಡುಕಿದವರು ಅವರು. 1914ರ ನೊಬೆಲ್ ಅವರಿಗೆ ಬಂತು. ಆ ಸುದ್ದಿ ತಲುಪುವಾಗ ಅವರು ರಷ್ಯಾದಲ್ಲಿ ಯುದ್ಧಕೈದಿ! ಮಲಗಿಕೊಂಡು ಇದನ್ನು ಕೇಳುವಾಗ ನನಗೆ ನಗಲೂ ಆಗುತ್ತಿರಲಿಲ್ಲ.

ನಾನು ನಿಜವಾಗಿ ಬರೆಯಬೇಕು ಅಂತ ಕೂತದ್ದು ಅದರ ನಂತರದ ಪರೀಕ್ಷೆಯ ಬಗ್ಗೆ.

ಕಿವಿಯ ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್ ಹುಡುಗಿ ಒಂದು ಪ್ಲಾಸ್ಟಿಕ್ ಬಕೆಟ್ ಹಿಡಿದುಕೊಂಡು ಬಂದಳು. ವಾಂತಿಗೆ ತಂದಳು ಅಂದುಕೊಂಡೆ. ಅದರ ತಳದಲ್ಲಿ, ಒಳಗಡೆ, ಅಡ್ಡಳತೆಗೆ ಒಂದು ಕಪ್ಪು ಗೆರೆ ಎಳೆದಿತ್ತು. ತಳದ ಹೊರಗಡೆ ಕೋನ ಅಳೆಯುವ ಪ್ರೊಟ್ರ್ಯಾಕ್ಟರ್ ಅಂಟಿಸಿ, ದಾರಕ್ಕೆ ತೂಕ ಕಟ್ಟಿ ಇಳಿಬಿಟ್ಟಿದ್ದರು.

"ಮೇಡಂ, ನೆಟ್ಟಗೆ ಕೂತ್ಕೊಂಡು ಮುಖ ಒಳಗೆ ಹಾಕಿ. ನಾನು ಬಕೆಟ್ ತಿರುಗಿಸ್ತೀನಿ. ಗೆರೆ ನೆಟ್ಟಗೆ ನಿಂತ ಹಾಗೆ ಕಂಡ ಕೂಡಲೇ 'ಸಾಕು' ಅನ್ನಿ."

ಇಷ್ಟೇನಾ ಅನ್ನಿಸಿತು. ನಾನು ಸಿವಿಲ್ ಓದಿದವಳು, ಮನೆ ಕಟ್ಟಿಸಿಕೊಡುವುದು ನನ್ನ ಕೆಲಸ. ಕಂಬ ನೆಟ್ಟಗಿದೆಯಾ, ಬಾಗಿಲ ಚೌಕಟ್ಟು ವಾಲಿದೆಯಾ ಅಂತ ನೋಡಿಯೇ ಹೊಟ್ಟೆ ಹೊರೆಯುವುದು. ಅವಳು ಒಂದು ಸಲ ಎಡದಿಂದ ತಿರುಗಿಸುತ್ತಾ ಬಂದಳು, ಒಂದು ಸಲ ಬಲದಿಂದ. ಪ್ರತಿ ಸಲವೂ ಗೆರೆ ಸರಿಯಾಗಿ ನಿಂತಾಗಲೇ "ಸಾಕು" ಅಂದೆ. ಒಂದು ಚೂರೂ ಅನುಮಾನ ಇರಲಿಲ್ಲ.

ಸರಾಸರಿ 8 ಡಿಗ್ರಿ ಬಲಕ್ಕೆ ವಾಲಿತ್ತು.

ನಂಬಲಿಲ್ಲ. ದಾರ ನೋಡಿದೆ, ಪ್ರೊಟ್ರ್ಯಾಕ್ಟರ್ ನೋಡಿದೆ. ಎರಡೂ ಸರಿಯಾಗೇ ಇದ್ದವು. ತಲೆಯಲ್ಲೇ ಲೆಕ್ಕ ಹಾಕಿದೆ. ಹತ್ತು ಅಡಿ ಗೋಡೆ 8 ಡಿಗ್ರಿ ವಾಲಿದರೆ ಮೇಲ್ತುದಿ ಸುಮಾರು 17 ಇಂಚು ಆಚೆ ಹೋಗಿರುತ್ತದೆ. ಅಂಥ ಗೋಡೆಯನ್ನು ದಾರಿಯಲ್ಲಿ ಹೋಗುವ ಮಗುವೂ ಕೈ ತೋರಿಸಿ ನಗುತ್ತದೆ. ನಾನು ಅದನ್ನು ನೆಟ್ಟಗಿದೆ ಅಂತ ಪಾಸ್ ಮಾಡಿದ್ದೆ.

ನನ್ನನ್ನು ಕಾಡಿದ್ದು ಇನ್ನೊಂದು ವಿಷಯ. ತಲೆ ಎತ್ತಿ ನೋಡಿದರೆ ಆ ಕೋಣೆಯ ಬಾಗಿಲು, ಕಿಟಕಿ, ಗೋಡೆ ಯಾವುದೂ ನನಗೆ ವಾಲಿದಂತೆ ಕಾಣುತ್ತಿರಲಿಲ್ಲ. ಬಕೆಟ್ಟಿನೊಳಗೆ ಮಾತ್ರ ಯಾಕೆ?

"ಅದಕ್ಕೇ ಬಕೆಟ್" ಅಂದರು ಡಾಕ್ಟರು.

ಅವರು ಬಿಡಿಸಿ ಹೇಳಿದ್ದನ್ನೂ ಆಮೇಲೆ ನಾನು ಹುಡುಕಿ ಓದಿದ್ದನ್ನೂ ಸೇರಿಸಿ ಬರೆಯುತ್ತೇನೆ. ಯುಟ್ರಿಕಲ್, ಸ್ಯಾಕ್ಯೂಲ್ ಅಂತ ಒಳಗಿವಿಯಲ್ಲಿ ಎರಡು ಪುಟ್ಟ ಚೀಲಗಳಿವೆ. ಅವುಗಳಲ್ಲಿ ಲೋಳೆಯಂಥ ಪದರದ ಮೇಲೆ ಸಣ್ಣ ಸಣ್ಣ ಹರಳುಗಳು ಕೂತಿರುತ್ತವೆ. ಕ್ಯಾಲ್ಸಿಯಂ ಕಾರ್ಬೊನೇಟ್ ಹರಳು, ಅಂದರೆ ಸುಣ್ಣದ ಕಲ್ಲಿನಲ್ಲಿರುವುದೇ. ತಲೆ ವಾಲಿದರೆ ಹರಳುಗಳ ಭಾರಕ್ಕೆ ಪದರ ಜರುಗುತ್ತದೆ, ಕೆಳಗಿರುವ ಕೂದಲಿನಂಥ ಕೋಶಗಳು ಬಾಗುತ್ತವೆ, ನರಕ್ಕೆ ಸುದ್ದಿ ಹೋಗುತ್ತದೆ. ಮೇಸ್ತ್ರಿ ಗೋಡೆಗೆ ಇಳಿಬಿಡುವ ತೂಗುಗುಂಡು ಎರಡೂ ಕಿವಿಯಲ್ಲಿ ಒಂದೊಂದು ಇದೆ ಅನ್ನಿ. ನನ್ನ ಬಲಗಡೆಯ ಗುಂಡಿನ ದಾರ ಹರಿದಿತ್ತು. ಬಲದಿಂದ ಸುದ್ದಿ ಇಲ್ಲ, ಎಡದಿಂದ ಮಾತ್ರ ಬರುತ್ತಿದೆ. ಮಿದುಳು ಅದನ್ನು ತಲೆ ಎಡಕ್ಕೆ ವಾಲಿದೆ ಅಂತ ತಿಳಿಯಿತು. ತಲೆ ಎಡಕ್ಕೆ ವಾಲಿದ್ದರೆ ಏನು ಮಾಡಬೇಕೋ ಅದನ್ನೇ ಮಾಡಿತು, ಎರಡೂ ಕಣ್ಣುಗುಡ್ಡೆಗಳನ್ನು ಇದ್ದಲ್ಲೇ ಸ್ವಲ್ಪ ಬಲಕ್ಕೆ ಉರುಳಿಸಿತು. ಕನ್ನಡಿಯಲ್ಲಿ ನೋಡಿದರೆ ಇದು ಗೊತ್ತಾಗುವುದಿಲ್ಲ. ಕಣ್ಣಿನ ಒಳಪರದೆಯ ಫೋಟೋ ತೆಗೆದರೆ ಅಳೆಯಬಹುದು.

ಹಾಗಾದರೆ ಗೆರೆಯ ಓರೆ ನೋಡುವುದು ಕಣ್ಣಿನ ಕೆಲಸ ಅಲ್ಲವೇ? ಹೌದು, ಅರ್ಧ ಕೆಲಸ. 1958ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಬೆಕ್ಕಿನ ಮಿದುಳಿನ ನೋಟದ ಭಾಗಕ್ಕೆ ಸಣ್ಣ ತಂತಿ ಇಳಿಸಿ, ಪರದೆಯ ಮೇಲೆ ಚುಕ್ಕೆಗಳನ್ನು ತೋರಿಸುತ್ತಿದ್ದರು. ಚುಕ್ಕೆಗೆ ತಂತಿಯ ತುದಿಯಲ್ಲಿದ್ದ ಕೋಶ ಕ್ಯಾರೇ ಅನ್ನಲಿಲ್ಲ. ಆದರೆ ಗಾಜಿನ ಸ್ಲೈಡನ್ನು ಪ್ರೊಜೆಕ್ಟರಿಗೆ ತೂರಿಸುವಾಗ ಕೋಶ ಎಚ್ಚೆತ್ತಿತು, ತಂತಿಗೆ ಜೋಡಿಸಿದ್ದ ಸ್ಪೀಕರಿನಲ್ಲಿ ಪಟಪಟ ಅಂತ ಸದ್ದು ಬಂತು. ಗಾಜಿನ ಅಂಚಿನ ನೆರಳು ಪರದೆಯ ಮೇಲೆ ತೆಳು ಗೆರೆಯಾಗಿ ಹಾದಿತ್ತು. ಅದೂ ಒಂದು ಓರೆಯಲ್ಲಿ ಹಾದರೆ ಮಾತ್ರ ಸದ್ದು. ಒಂದೊಂದು ಕೋಶಕ್ಕೆ ಒಂದೊಂದು ಓರೆ ಇಷ್ಟ. ಎಲ್ಲ ಸೇರಿದರೆ ಪೂರ್ತಿ ಸುತ್ತಿನ ಎಲ್ಲ ಕೋನಗಳೂ ಸಿಗುತ್ತವೆ. ಇಬ್ಬರಿಗೂ 1981ರಲ್ಲಿ ನೊಬೆಲ್ ಬಂತು.

ಆದರೆ ಆ ಕೋಶ ಅಳೆಯುವುದು ಕಣ್ಣಿನ ಪರದೆಯ ಮೇಲೆ ಗೆರೆ ಎಷ್ಟು ಓರೆ ಅಂತ. ನೆಲ ಯಾವ ಕಡೆ, ಆಕಾಶ ಯಾವ ಕಡೆ ಅನ್ನುವುದು ಅಲ್ಲಿ ಬರೆದಿಲ್ಲ. ಈಗಲೇ ತಲೆಯನ್ನು ಭುಜದ ಕಡೆ 45 ಡಿಗ್ರಿ ಬಾಗಿಸಿ ಬಾಗಿಲು ನೋಡಿ. ಕಣ್ಣುಗುಡ್ಡೆ ವಾಪಸ್ ಉರುಳಿ ಸರಿಮಾಡುವುದು ಹೆಚ್ಚೆಂದರೆ ಐದಾರು ಡಿಗ್ರಿ. ಅಂದರೆ ಪರದೆಯ ಮೇಲೆ ಬಾಗಿಲಿನ ಚಿತ್ರ ಸುಮಾರು 40 ಡಿಗ್ರಿ ಓರೆಯಾಗಿ ಬಿದ್ದಿದೆ. ಆದರೂ ಬಾಗಿಲು ನೆಟ್ಟಗೇ ಇದೆ ಅಲ್ವಾ? ತಲೆ ಎಷ್ಟು ಬಾಗಿದೆ ಅಂತ ಕಿವಿ ಹೇಳಿತು, ಕತ್ತಿನ ಸ್ನಾಯು ಹೇಳಿತು, ಬಾಗಿಲಿನ ಸುತ್ತ ಇರುವ ಗೋಡೆ ಮತ್ತು ನೆಲ ಹೇಳಿದವು. ಮಿದುಳು ಎಲ್ಲರ ಮಾತು ಕೇಳಿ ಒಂದು ತೀರ್ಮಾನಕ್ಕೆ ಬಂತು.

ಬೆಳಕಿರುವ ಕೋಣೆಯಲ್ಲಿ ನನ್ನನ್ನು ಉಳಿಸಿದ್ದು ಈ ಗೋಡೆ ಮತ್ತು ನೆಲದ ಸಾಕ್ಷಿ. ಬಕೆಟ್ಟಿನೊಳಗೆ ಮುಖ ಹಾಕಿದರೆ ಅವು ಯಾವುದೂ ಇಲ್ಲ. ಬಕೆಟ್ಟಿನ ತಳ ಗುಂಡಗಿದೆ, ಅದಕ್ಕೆ ಮೇಲೆ ಕೆಳಗೆ ಅಂತ ಇಲ್ಲ. ಉಳಿದದ್ದು ಒಂದು ಗೆರೆ ಮತ್ತು ಕೆಟ್ಟ ಕಿವಿ. ಆಗ ನಿಜ ಹೊರಬಿತ್ತು. ಇಷ್ಟು ಅಗ್ಗದ, ಇಷ್ಟು ಜಾಣ ಪರೀಕ್ಷೆಯನ್ನು ನಾನು ಬೇರೆಲ್ಲೂ ನೋಡಿಲ್ಲ. ದುಡ್ಡು ಸುರಿದ ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ, ಬಕೆಟ್ಟಿನಲ್ಲಿ ಕಂಡಿತು.

ಕಿವಿ ಸರಿ ಇರುವವರೂ ಇಲ್ಲಿ ಸೊನ್ನೆ ತೋರಿಸುವುದಿಲ್ಲ. ಎರಡು, ಎರಡೂವರೆ ಡಿಗ್ರಿಯ ಒಳಗಿದ್ದರೆ ಸರಿ ಅಂತ ಲೆಕ್ಕ. ಎರಡು ಡಿಗ್ರಿ ಅಂದರೂ ಹತ್ತು ಅಡಿ ಗೋಡೆಗೆ ನಾಲ್ಕು ಇಂಚು. ಬೆಳಕಿನಲ್ಲಿ ಅದೇ ಕಣ್ಣು ಒಂದು ಡಿಗ್ರಿಗಿಂತ ಕಡಿಮೆ ವಾಲಿದ ಕಂಬವನ್ನೂ ಹಿಡಿಯುತ್ತದೆ. ಉದ್ದ ಮತ್ತು ಅಡ್ಡ ಗೆರೆಗಳಲ್ಲಿ ನಮ್ಮ ಕಣ್ಣು ಚುರುಕು, ಮೂಲೆಗೆ ಓಡುವ ಗೆರೆಗಳಲ್ಲಿ ಮಂದ. ಟೈಲ್ಸ್ ಮೂಲೆಗೆ ಹಾಕಿಸಿದವರಿಗೆ ಇದು ಗೊತ್ತಿರುತ್ತದೆ. ಸ್ವಲ್ಪ ಹೆಚ್ಚುಕಮ್ಮಿ ಆದರೂ ಯಾರಿಗೂ ಕಾಣುವುದಿಲ್ಲ.

ಗೋಡೆ, ನೆಲದ ಸಾಕ್ಷಿ ಇಲ್ಲದಿದ್ದರೆ ಕಣ್ಣು ಮೋಸ ಹೋಗುವುದನ್ನು ಬಹಳ ಹಿಂದೆಯೇ ಗಮನಿಸಿದವರು ಜರ್ಮನಿಯ ಹರ್ಮನ್ ಔಬರ್ಟ್. 1861ರಲ್ಲಿ ಅವರು ಕತ್ತಲೆ ಮಾಡಿದ ಕೋಣೆಯಲ್ಲಿ ನೆಟ್ಟಗಿದ್ದ ಬೆಳಕಿನ ಗೀರನ್ನು ನೋಡುತ್ತಾ ತಲೆ ಬಾಗಿಸಿದರು. ಗೀರು ಎದುರು ಕಡೆಗೆ ವಾಲಿತು. ನೀವೂ ನೋಡಬಹುದು. ರಾತ್ರಿ ಕೋಣೆ ಪೂರ್ತಿ ಕತ್ತಲಾಗಿರಲಿ, ಬಾಗಿಲನ್ನು ಒಂದು ಕೂದಲೆಳೆ ತೆರೆದು ಹೊರಗಿನ ಬೆಳಕು ಬರೀ ಒಂದು ಗೆರೆಯಾಗಿ ಬರುವಂತೆ ಮಾಡಿ. ಪಕ್ಕಕ್ಕೆ ಮಲಗಿ ಸ್ವಲ್ಪ ಹೊತ್ತು ಅದನ್ನೇ ದಿಟ್ಟಿಸಿ. ಬಾಗಿಲು ನೆಟ್ಟಗಿದೆ ಅಂತ ಗೊತ್ತಿದ್ದರೂ ಗೆರೆ ವಾಲುತ್ತದೆ. ದೀಪ ಹಾಕಿ, ತಕ್ಷಣ ನೆಟ್ಟಗಾಗುತ್ತದೆ. ನಮ್ಮ ಯಜಮಾನರು ಇದನ್ನು ನೋಡಿದ ಮೇಲೆಯೇ ನನ್ನ 8 ಡಿಗ್ರಿಯನ್ನು ನಂಬಿದ್ದು.

ಇನ್ನು ಚಿಕಿತ್ಸೆ. ಕೈ ಚಾಚಿ ಒಂದು ಕಾರ್ಡ್ ಹಿಡಿಯಬೇಕು, ಅದರ ಮೇಲೊಂದು ಅಕ್ಷರ. ಅಕ್ಷರದಿಂದ ಕಣ್ಣು ಕದಲಿಸದೆ ತಲೆಯನ್ನು ಎಡಬಲ ಆಡಿಸಬೇಕು. ಆಮೇಲೆ ಮೇಲೆ ಕೆಳಗೆ. ಮೊದಮೊದಲು ಅಕ್ಷರ ಕಲಸಿಹೋಗುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು. ಸ್ಪಂಜಿನ ದಿಂಬಿನ ಮೇಲೆ ಕಾಲು ಜೋಡಿಸಿ ನಿಲ್ಲುವುದು, ಆಮೇಲೆ ಕಣ್ಣು ಮುಚ್ಚಿ ನಿಲ್ಲುವುದು. ಇದರಲ್ಲಿ ಹೇಳಿಕೊಳ್ಳುವಂಥದ್ದು ಏನಿಲ್ಲ. ಬೇಜಾರು ಹಿಡಿಸುವ ಕೆಲಸ, ದಿನಾ ಮಾಡಲೇಬೇಕು.

ಕಷ್ಟವಾಗಿದ್ದು ನಾನು ಎಣಿಸದೇ ಇದ್ದ ಕಡೆ. ಕಿವಿಯ ಮಾತು ನಂಬುವಂತಿಲ್ಲ ಅಂತ ಆದ ಮೇಲೆ ಮಿದುಳು ಕಣ್ಣಿಗೇ ಜೋತುಬಿದ್ದಿತ್ತು. ಹಾಗಾಗಿ ಕಣ್ಣಿನ ಮುಂದೆ ಏನು ಆಡಿದರೂ ನಾನೇ ಆಡಿದ ಹಾಗೆ. ಸೂಪರ್ ಮಾರ್ಕೆಟ್ಟಿನಲ್ಲಿ ಎರಡೂ ಕಡೆ ಡಬ್ಬಗಳ ಸಾಲು, ತಳ್ಳುಗಾಡಿ ದೂಡಿದರೆ ಸಾಲುಗಳು ಹರಿಯುತ್ತವೆ, ನಾನು ವಾಲುತ್ತೇನೆ. ಮಳೆಯಲ್ಲಿ ಕಾರಿನ ವೈಪರ್ ನೋಡುವಂತೆಯೇ ಇರಲಿಲ್ಲ. ಕ್ಲಿನಿಕ್ಕಿನಲ್ಲಿ ಇದಕ್ಕೂ ಅಭ್ಯಾಸ ಮಾಡಿಸಿದರು. ಕತ್ತಲೆ ಕೋಣೆ, ದೊಡ್ಡ ಪರದೆ, ಅದರ ತುಂಬ ಚುಕ್ಕೆಗಳು ನಿಧಾನಕ್ಕೆ ಚಕ್ರದಂತೆ ತಿರುಗುತ್ತವೆ. ನಡುವೆ ಒಂದು ನೆಟ್ಟನೆ ಗೆರೆ. ಚುಕ್ಕೆಗಳು ತಿರುಗುತ್ತಿದ್ದಂತೆ ಗೆರೆ ಓರೆಯಾಯಿತು, ಅದರ ಜೊತೆಗೆ ನನ್ನ ಮೈಯೂ. ನನ್ನ ಕಾಯಿಲೆಯಿಂದ ಹೀಗೆ ಅಂದುಕೊಂಡರೆ, ಆರೋಗ್ಯವಂತರಿಗೂ ಹೀಗೆ ಆಗುತ್ತದೆ ಅಂತ 1972ರಲ್ಲೇ ತೋರಿಸಿದ್ದಾರಂತೆ. ನನಗೆ ಆಗುವುದು ಜಾಸ್ತಿ, ಅಷ್ಟೇ ವ್ಯತ್ಯಾಸ.

ಸೈಟಿಗೆ ಮತ್ತೆ ಹೋದ ದಿನ ಇದರ ಪೂರ್ತಿ ರುಚಿ ಸಿಕ್ಕಿತು. ಒಂದು ಮನೆಗೆ ಮೋಲ್ಡ್ ಹಾಕಲು ಸೆಂಟ್ರಿಂಗ್ ಕಟ್ಟಿದ್ದರು. ಕೆಳಗೆ ಸರ್ವೆ ಕಂಬಗಳ ಕಾಡು. ಸರ್ವೆ ಕಂಬ ಅಂದರೆ ಗೊತ್ತಲ್ಲ, ಒಂದೂ ನೆಟ್ಟಗಿರುವುದಿಲ್ಲ. ಒಂದು ಹೀಗೆ ಸೊಟ್ಟ, ಇನ್ನೊಂದು ಹಾಗೆ. ಬೇರೆ ದಿನಗಳಲ್ಲಿ ಬಗ್ಗಿಕೊಂಡು ಅದರೊಳಗೆ ಓಡಾಡಿದವಳು ನಾನು. ಅವತ್ತು ಒಳಗೆ ಕಾಲಿಟ್ಟ ಕೂಡಲೇ ನೆಲ ಬಲಕ್ಕೆ ಇಳಿಜಾರಾಯಿತು. ಮೇಸ್ತ್ರಿ ಓಡಿ ಬಂದು ಕೈ ಹಿಡಿದ. "ಮೇಡಂ, ಕಂಬ ನೋಡಬೇಡಿ, ಆಚೆ ಗೋಡೆ ನೋಡಿ" ಅಂದ. ಗಾರೆ ಗೋಡೆಯ ಅಂಚು ನೋಡಿದೆ. ನೆಲ ತನ್ನ ಜಾಗಕ್ಕೆ ಬಂತು. ಅವನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

1948ರಲ್ಲಿ ವಿಟ್ಕಿನ್ ಮತ್ತು ಆಶ್ ಅಂತ ಇಬ್ಬರು ಮನಃಶಾಸ್ತ್ರಜ್ಞರು ಇದನ್ನೇ ಕತ್ತಲೆ ಕೋಣೆಯಲ್ಲಿ ಪರೀಕ್ಷೆ ಮಾಡಿದ್ದರು. ಹೊಳೆಯುವ ಒಂದು ಚೌಕಟ್ಟು, ಅದರೊಳಗೆ ಹೊಳೆಯುವ ಒಂದು ಕೋಲು. ಚೌಕಟ್ಟನ್ನು ಓರೆ ಮಾಡಿ, ಕೋಲನ್ನು ನೆಟ್ಟಗೆ ನಿಲ್ಲಿಸಿ ಅನ್ನುತ್ತಿದ್ದರು. ತುಂಬ ಜನ ಕೋಲನ್ನೂ ಚೌಕಟ್ಟಿನ ಕಡೆಗೇ ಓರೆಯಾಗಿ ನಿಲ್ಲಿಸಿದರು. ಕೆಲವರು ಹೆಚ್ಚು ಮೋಸ ಹೋದರು, ಕೆಲವರು ಅಷ್ಟಾಗಿ ಹೋಗಲಿಲ್ಲ. ಕಣ್ಣನ್ನು ಎಷ್ಟು ನಂಬುತ್ತೀರಿ, ಮೈಯನ್ನು ಎಷ್ಟು ನಂಬುತ್ತೀರಿ ಅನ್ನುವುದು ಒಬ್ಬೊಬ್ಬರಿಗೂ ಬೇರೆ. ಲೇಹ್ ಹತ್ತಿರದ ಮ್ಯಾಗ್ನೆಟಿಕ್ ಹಿಲ್‌ನಲ್ಲಿ ಕಾರು ತಾನೇ ಏರು ಹತ್ತುತ್ತದೆ ಅಂತ ಜನ ನಿಂತು ವಿಡಿಯೊ ಮಾಡುತ್ತಾರಲ್ಲ, ಅದೂ ಇದೇ ಕಥೆ. ಅಲ್ಲಿ ಅಯಸ್ಕಾಂತ ಇಲ್ಲ. ಸುತ್ತಲಿನ ಬೆಟ್ಟಗಳ ಇಳಿಜಾರೇ ಚೌಕಟ್ಟಾಗಿ, ಇಳಿಯುವ ರಸ್ತೆ ಏರಿದಂತೆ ಕಾಣುತ್ತದೆ. ಕಾರು ಇಳಿಯುತ್ತಲೇ ಇರುತ್ತದೆ. ನಮ್ಮ ಯಜಮಾನರು ಬೈಕಿನಲ್ಲಿ ಅಲ್ಲಿಗೆ ಹೋಗಿಬಂದು ವರ್ಷಗಟ್ಟಲೆ ಅಯಸ್ಕಾಂತದ ಕಥೆ ಹೇಳಿದ್ದರು. ಈಗ ಹೇಳುವುದಿಲ್ಲ.

ಕೆಲವು ತಿಂಗಳು ಕಳೆದು ಮತ್ತೆ ಪರೀಕ್ಷೆ ಮಾಡಿದರು. ಬಕೆಟ್ಟಿನಲ್ಲಿ ಎರಡು ಡಿಗ್ರಿಯ ಒಳಗೆ ಬಂದೆ. ಕಿವಿ ವಾಸಿಯಾಯಿತು ಅಂತ ಖುಷಿಪಟ್ಟೆ. ನೀರಿನ ಪರೀಕ್ಷೆ ಮಾಡಿದರೆ ಬಲಗಿವಿ ಮೊದಲಿನಷ್ಟೇ ಮೌನ. ನರ ಚೇತರಿಸಿಕೊಂಡಿರಲೇ ಇಲ್ಲ. ಎಡಗಿವಿ ಒಂದೇ ಹೇಳುವ ಸುದ್ದಿಯನ್ನು ಹೇಗೆ ಓದಬೇಕು ಅಂತ ಮಿದುಳು ಕಲಿತುಕೊಂಡಿತ್ತು. ಕೆಲವರಿಗೆ ನರವೂ ಚೇತರಿಸಿಕೊಳ್ಳುತ್ತದೆ, ಕೆಲವರಿಗೆ ಇಲ್ಲ. ಕರೆಂಟ್ ಹೋದಾಗ ಮರಳಿನ ಗುಡ್ಡೆ ಮೇಲೆ ನಡೆದರೆ ಇವತ್ತಿಗೂ ತೂರಾಡುತ್ತೇನೆ. ಕಣ್ಣಿಗೆ ಬೆಳಕಿಲ್ಲ, ಕಾಲಿಗೆ ಗಟ್ಟಿ ನೆಲ ಇಲ್ಲ, ಉಳಿದದ್ದು ಒಂದೇ ಕಿವಿ. ಫೋನಿನ ಟಾರ್ಚ್ ಹಾಕಿದರೆ ಸರಿಹೋಗುತ್ತದೆ.

ಸೈಟಿನಲ್ಲಿ ಖಾಲಿ ಬಿದ್ದಿದ್ದ ಪೇಂಟ್ ಬಕೆಟ್ಟಿನಿಂದ ನಾನೂ ಒಂದು ಮಾಡಿಕೊಂಡೆ. ಮಗನ ಜಾಮಿಟ್ರಿ ಬಾಕ್ಸಿನ ಪ್ರೊಟ್ರ್ಯಾಕ್ಟರ್, ಹೊಲಿಗೆ ದಾರ, ತುದಿಗೆ ಒಂದು ನಟ್ಟು. ಅತ್ತೆಗೆ ಮುಕ್ಕಾಲು ಡಿಗ್ರಿ ಬಂತು, ವಾರ ಪೂರ್ತಿ ಅದನ್ನೇ ಹೇಳಿಕೊಂಡು ಓಡಾಡಿದರು. ಮೇಸ್ತ್ರಿಗೆ ಎರಡು ಡಿಗ್ರಿ ಎಡಕ್ಕೆ. ಅವನ ಮುಖ ಸಣ್ಣದಾಯಿತು. ಬಕೆಟ್ ಕಿತ್ತುಕೊಂಡು ತನ್ನ ಗುಂಡು ಇಳಿಬಿಟ್ಟು ನನ್ನ ದಾರದ ಪಕ್ಕ ಹಿಡಿದ, ಒಳಗಿನ ಗೆರೆಗೆ ಪಟ್ಟಿ ಇಟ್ಟು ನೋಡಿದ, ತಪ್ಪು ಸಿಗಲಿಲ್ಲ. ಇನ್ನೊಂದು ಸಲ ಮಾಡಿಸಿಕೊಂಡ. ಈ ಸಲ ಒಂದೂವರೆ, ಬಲಕ್ಕೆ. ಇದು ಸರಿಯಾದ ಲೆಕ್ಕವೇ, ಎಲ್ಲರಿಗೂ ಹೀಗೇ ಬರುವುದು ಅಂತ ಎಷ್ಟು ಹೇಳಿದರೂ ಒಪ್ಪಲಿಲ್ಲ.

"ಬಕೆಟ್ಟೊಳಗೆ ತಲೆ ಹಾಕ್ಕೊಂಡು ಯಾರು ಗೋಡೆ ಕಟ್ತಾರೆ ಮೇಡಂ?" ಅಂದವನು ಗುಂಡು ಸುತ್ತಿ ಜೇಬಿಗೆ ಹಾಕಿಕೊಂಡು ಸಿಮೆಂಟ್ ಕಲಸುವವರ ಮೇಲೆ ರೇಗಲು ಹೋದ.